ಅತ್ತೆಯ ಲೆವೆಲ್ ಆರು, ನನ್ನದು ಇಪ್ಪತ್ತೆಂಟು

ನನಗೆ ಇದುವರೆಗೆ ಎರಡು ಸಲ ಬಡ್ತಿ ಸಿಕ್ಕಿದೆ. ಎರಡೂ ಸಲ ಯಾಕೆ ಸಿಕ್ಕಿತು ಎಂಬುದು ನನಗೆ ತಿಳಿದಿಲ್ಲ. ಮೊದಲನೆಯದು ಚಿತ್ತಾಪುರದ ಕಾಲೇಜಿನಲ್ಲಿ. ಶಹಾಬಾದದಿಂದ ವಾಡಿಗೆ ಒಂದು ರೈಲು, ವಾಡಿಯಿಂದ ಚಿತ್ತಾಪುರಕ್ಕೆ ಇನ್ನೊಂದು ರೈಲು ಹಿಡಿದು ಹನ್ನೆರಡು ವರ್ಷ ಹೋಗಿಬಂದ ಮೇಲೆ, ದ್ವಿತೀಯ ದರ್ಜೆ ಸಹಾಯಕಿಯಾಗಿದ್ದ ನನ್ನನ್ನು ಪ್ರಥಮ ದರ್ಜೆಗೆ ಏರಿಸಿದರು. ಅದಕ್ಕಾಗಿ ನಾನೇನು ಮಾಡಿದೆ ಎಂದು ಸೂಪರಿಂಟೆಂಡೆಂಟರನ್ನು ಕೇಳಿದೆ. "ಏನೂ ಮಾಡಿಲ್ರಿ, ಅದಕ್ಕೇ ಯಾವ ತೊಂದರಿನೂ ಆಗ್ಲಿಲ್ಲ. ಸರ್ವಿಸ್ ಆಗ್ಯಾದ, ಬಡ್ತಿ ಬಂದದ, ಸಹಿ ಮಾಡ್ರಿ" ಎಂದರು. ಸಹಿ ಮಾಡಿದೆ. ಎರಡನೆಯ ಬಡ್ತಿ ಸಿಕ್ಕಿದ್ದು ಮೊಬೈಲಿನ ಆಟದಲ್ಲಿ. ಅದಕ್ಕೆ ಸಹಿ ಬೇಕಾಗಲಿಲ್ಲ, ಆದರೆ ಅದರಿಂದ ನಮ್ಮ ಮನೆಯಲ್ಲಿ ಒಂಬತ್ತು ದಿನ ಯಾರೂ ನೆಟ್ಟಗೆ ಮಾತಾಡಲಿಲ್ಲ.

ಆ ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ. ನಮ್ಮ ಮನೆಯಲ್ಲಿ ಅದನ್ನು ಕ್ವಾಟಿ ಆಟ, ಅಂದರೆ ಕೋಟೆ ಆಟ, ಎನ್ನುತ್ತೇವೆ. ಮೂವರು ಸೇರಿ ಒಂದು ಕೋಟೆ ಕಾಯಬೇಕು, ಎಲ್ಲಿಯವರೋ ಮೂವರು ಬಂದು ಅದನ್ನು ಮುರಿಯಲು ನೋಡುತ್ತಾರೆ. ನಮ್ಮ ಕಡೆಯ ಮೂವರೆಂದರೆ ನಮ್ಮ ಅತ್ತೆ, ಪಕ್ಕದ ಮನೆಯ ನಸ್ರೀನ್ ಆಪಾ ಮತ್ತು ನಾನು. ಅತ್ತೆಗೆ ಅರವತ್ತೆಂಟು. ಎರಡು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಾಗ, ಹೊತ್ತು ಹೋಗಲೆಂದು ನನ್ನ ಗಂಡ ಅವರ ಮೊಬೈಲಿಗೆ ಇದನ್ನು ಹಾಕಿಕೊಟ್ಟರು. ಇಂಗ್ಲಿಷ್ ಓದಲು ಬಾರದ ಅತ್ತೆ, ಯಾವ ಬಣ್ಣ ಎಲ್ಲಿ ಮಿನುಗಿದರೆ ಏನು ಮಾಡಬೇಕೆಂಬುದನ್ನು ಒಂದೇ ವಾರದಲ್ಲಿ ತಿಳಿದುಕೊಂಡರು. ಅವರು ಬಾಗಿಲು ಕಾಯುತ್ತಿದ್ದರು. ಶತ್ರುಗಳು ಹತ್ತಿರ ಬರುವವರೆಗೆ ಸುಮ್ಮನಿದ್ದು, ಇನ್ನೇನು ಒಳಗೆ ಕಾಲಿಟ್ಟರು ಎನ್ನುವಾಗ ಬಾಗಿಲು ಎಳೆದುಬಿಡುತ್ತಿದ್ದರು. ಬಟ್ಟೆ ಹೊಲಿಯುವ ನಸ್ರೀನ್ ಆಪಾಗೆ ಕಣ್ಣು ಚುರುಕು, ಬಾಣ ಬಿಡುವುದು ಅವರ ಕೆಲಸ. ನಾನು ಗೋಡೆಯ ಮೇಲೆ ಓಡಾಡುತ್ತಿದ್ದೆ, ಓಡಾಡುತ್ತ ಕೆಳಗೆ ಬೀಳುತ್ತಿದ್ದೆ.

ಸಂಜೆ ಚಹಾ ಆದ ಮೇಲೆ ಮೂವರೂ ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಆಡುತ್ತಿದ್ದೆವು. ಮದುವೆಯಾಗಿ ಬಂದ ಮೊದಲ ಹದಿನಾಲ್ಕು ವರ್ಷದಲ್ಲಿ ಅತ್ತೆ ಮತ್ತು ನಾನು ಆಡಿದ ಮಾತೆಲ್ಲ ಹಾಲು, ಹೆಪ್ಪು, ತೊಗರಿಬೇಳೆ ಇಷ್ಟರಲ್ಲೇ ಮುಗಿದಿತ್ತು. ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಈ ಕೋಟೆ ಬಂದ ಮೇಲೆ "ಬಲಕ್ಕ ಬಾರಬೇ, ಸತ್ತೀ ಅಲ್ಲಿ" ಎಂದು ಅವರು ಬೈಯುವುದೂ, ನಾನು ಸತ್ತು ನಗುವುದೂ ಶುರುವಾಗಿತ್ತು. ತಮ್ಮ ತವರು ಆಡಕಿಯ ಕಥೆಗಳನ್ನು ಅವರು ನನಗೆ ಮೊದಲ ಸಲ ಹೇಳಿದ್ದು ಶತ್ರುಗಳು ಬರುವುದನ್ನು ಕಾಯುತ್ತ ಕೂತಾಗ.

ಆಗೆಲ್ಲ ಎಷ್ಟು ಆಡಿದರೆ ಅಷ್ಟು ಲೆವೆಲ್ ಏರುತ್ತಿತ್ತು. ಅತ್ತೆ ನಲವತ್ತೊಂದಕ್ಕೆ ಬಂದಿದ್ದರು, ನಾನು ಹದಿನೇಳರಲ್ಲಿದ್ದೆ. ಯಾರಿಗೂ ತಕರಾರು ಇರಲಿಲ್ಲ. ಒಂದು ಸೋಮವಾರ ಆಟ ಅಪ್‌ಡೇಟ್ ಆಯಿತು. ಇನ್ನು ಮುಂದೆ ಎಷ್ಟು ಹೊತ್ತು ಆಡಿದಿರಿ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಸಾಧನೆ ಮಾಡಿದಿರಿ ಎಂಬುದರ ಮೇಲೆ ಲೆವೆಲ್ ಎಂದು ಪರದೆಯ ಮೇಲೆ ಬರೆದಿತ್ತು. ಸರಿಯೇ ಇದೆ ಎನಿಸಿತು. ಸುಮ್ಮನೆ ಕೂತವರನ್ನು ಮೇಲೇರಿಸುವುದು ಅನ್ಯಾಯ ಎಂದು ನಾನು ಆಫೀಸಿನಲ್ಲಿ, ನನ್ನ ಬಡ್ತಿಗೆ ಮುಂಚೆ, ಎಷ್ಟೋ ಸಲ ವಾದಿಸಿದ್ದೆ. ಆಮೇಲೆ ಲೆವೆಲ್ ನೋಡಿದರೆ ಅತ್ತೆ ಆರಕ್ಕೆ ಇಳಿದಿದ್ದರು. ನಾನು ಇಪ್ಪತ್ತೆಂಟಕ್ಕೆ ಏರಿದ್ದೆ.

ಸಾಧನೆಗಳ ಪಟ್ಟಿ ತೆಗೆದು ಓದಿದೆ. ಗೋಡೆಯಿಂದ ನೂರು ಸಲ ಬೀಳುವುದು ಒಂದು ಸಾಧನೆ. ಐವತ್ತು ಸಲ ಸೆರೆ ಸಿಕ್ಕುವುದು ಒಂದು. ನಮ್ಮವರ ಮೇಲೇ ಕಾದ ಎಣ್ಣೆ ಸುರಿಯುವುದಕ್ಕೆ ಒಂದು ಬೆಳ್ಳಿಯ ಪದಕ. ಗೆದ್ದವರಿಗೂ ಪದಕಗಳಿದ್ದವು, ಆದರೆ ಎಡವಿದವರಿಗೆ ಅದಕ್ಕಿಂತ ಹೆಚ್ಚಿದ್ದವು. ಎರಡು ವರ್ಷದಲ್ಲಿ ನಾನು ಮಾಡಬಾರದ್ದನ್ನೆಲ್ಲ ಮಾಡಿದ್ದರಿಂದ ಇಪ್ಪತ್ತಾರು ಸಾಧನೆಗಳು ನನ್ನ ಹೆಸರಿನಲ್ಲಿದ್ದವು. ಬಾಗಿಲು ಬಿಟ್ಟು ಕದಲದ ಅತ್ತೆ ಬೀಳಲೂ ಇಲ್ಲ, ಸೆರೆಯೂ ಸಿಗಲಿಲ್ಲ. ಅವರ ಪಾಲಿಗೆ ಇದ್ದದ್ದು ನಾಲ್ಕು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಹೊಸ ನಿಯಮದಲ್ಲಿ ಲೆವೆಲ್ ಹೆಚ್ಚಿದ್ದವರೇ ಸೇನಾಪತಿ, ಎಂದರೆ ನಮ್ಮ ಮೂವರಲ್ಲಿ ನಾನು. ಸೇನಾಪತಿ ತನ್ನ ಪರದೆಯ ಕೆಂಪು ಗುಂಡಿ ಒತ್ತಿ ಅಪ್ಪಣೆ ಕೊಡದೆ ಬಾಗಿಲು ಮುಚ್ಚುವುದಿಲ್ಲ. ಇದನ್ನು ಅತ್ತೆಗೆ ಓದಿ ಹೇಳಿದೆ. "ಹೌದಾ" ಎಂದಷ್ಟೇ ಅಂದರು. ಆಟ ಶುರುವಾಯಿತು. ನಾನು ಅಭ್ಯಾಸದಂತೆ ಗೋಡೆಯ ಮೇಲೆ ಓಡಾಡುತ್ತಿದ್ದೆ. ಶತ್ರುಗಳು ಬಾಗಿಲಿಗೆ ಬಂದರು.

"ಅಮ್ಮಾ, ದರ್ವಾಜಾ ಬಂದ್ ಮಾಡ್ರಿ" ಎಂದರು ನಸ್ರೀನ್ ಆಪಾ.

"ನಂಗ ಅಪ್ಪಣಿ ಇಲ್ಲವಾ" ಎಂದರು ಅತ್ತೆ.

ಅಪ್ಪಣೆ ಕೊಡಬೇಕಾದವಳು ನಾನೇ ಎಂದು ನೆನಪಾಗುವಷ್ಟರಲ್ಲಿ ನಾನು ಕೆಳಗೆ ಬಿದ್ದಿದ್ದೆ. ನಾಲ್ಕು ನಿಮಿಷದಲ್ಲಿ ಕೋಟೆ ಹೋಯಿತು. ಮುಂದಿನ ಎರಡು ಆಟಗಳೂ ಹಾಗೇ ಹೋದವು. ಅತ್ತೆ ಚಷ್ಮಾ ತೆಗೆದು ಒರೆಸಿ, "ಕಣ್ಣು ನೋಯಾಕತ್ತಾವ" ಎಂದು ಎದ್ದರು.

ಮರುದಿನ ಬೆಳಿಗ್ಗೆ ನನ್ನ ಮುಂದೆ ಚಹಾದ ಕಪ್ಪು ಇಟ್ಟು "ಚಾ ಕುಡೀರಿ" ಎಂದರು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಹದಿನಾರು ವರ್ಷದಲ್ಲಿ ಅತ್ತೆ ನನಗೆ ಮೊದಲ ಸಲ 'ರಿ' ಹಚ್ಚಿದ್ದರು. ಆಮೇಲೆ ಒಲೆಯ ಮುಂದೆ ನಿಂತು, "ಪಲ್ಯಾಕ್ಕ ಉಪ್ಪ ಎಷ್ಟ್ ಹಾಕ್ಲಿ ಹೇಳ್ರಿ, ನಿಮ್ಮದ ಲೆವಲ್ ಹೆಚ್ಚದ" ಎಂದರು. ಸಿಟ್ಟಿನ ಸುಳಿವೂ ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಗಂಡನ ಮುಖ ನೋಡಿದೆ. ಅವರು ಸ್ನಾನಕ್ಕೆ ಹೋದರು.

ಯಾವುದು ನ್ಯಾಯ ಎಂದು ರೈಲಿನಲ್ಲಿ ಕೂತು ಯೋಚಿಸಿದೆ. ಕಾಲ ಕಳೆದದ್ದಕ್ಕೆ ಲೆವೆಲ್ ಕೊಡುವುದಾದರೆ ನನ್ನಂಥವರು ಪ್ರಥಮ ದರ್ಜೆಗೆ ಏರುತ್ತಾರೆ. ಸಾಧನೆಗೆ ಕೊಡುವುದಾದರೂ ನನ್ನಂಥವರೇ ಏರುತ್ತಾರೆ ಎಂದು ಈಗ ಗೊತ್ತಾಯಿತು. ಹಾಗಾದರೆ ಅತ್ತೆಯಂಥವರು ಮಾತ್ರ ಏರುವ ಪದ್ಧತಿ ಯಾವುದು? ಕೋಟೆ ಬೀಳದಂತೆ ಬಾಗಿಲು ಎಳೆದುಕೊಂಡವರ ಕೆಲಸ ಎಣಿಕೆಗೆ ಸಿಗುವುದಿಲ್ಲ, ಏಕೆಂದರೆ ಏನೂ ಆಗಿರುವುದಿಲ್ಲ. ಇಷ್ಟು ತೀರ್ಮಾನಿಸಿ ಸಮಾಧಾನವಾಗುವಷ್ಟರಲ್ಲಿ ನನ್ನ ಬಡ್ತಿಯ ದಿನ ಸೂಪರಿಂಟೆಂಡೆಂಟರೂ ಇದನ್ನೇ ಹೇಳಿದ್ದರಲ್ಲ ಎನಿಸಿ ಮತ್ತೆ ಗೊಂದಲವಾಯಿತು.

ನಸ್ರೀನ್ ಆಪಾರನ್ನು ಕೇಳಿದೆ. ಅವರು ಹೊಲಿಗೆ ನಿಲ್ಲಿಸದೇ ಹೇಳಿದರು. "ನನ್ನ ಕಡೆ ಇಬ್ಬರು ಹೆಣ್ಮಕ್ಕಳು ಹೊಲಿಗಿ ಕಲೀಲಿಕತ್ತಾರ ನೋಡು ಸವಿತಾ. ಒಬ್ಬಾಕಿ ಹತ್ತು ಬ್ಲೌಸ್ ಕೆಡಿಸ್ಯಾಳ, ಇನ್ನೊಬ್ಬಾಕಿ ಒಂದೂ ಕೆಡಿಸಿಲ್ಲ. ಯಾರು ಮೇಲು?"

"ಕೆಡಿಸದಾಕಿ" ಎಂದೆ.

"ಆಕಿ ಇನ್ನಾ ಕತ್ರಿನೇ ಹಿಡಿದಿಲ್ಲ."

"ಹಾಂಗಾದ್ರ ಬಿದ್ದದ್ದೂ ಸಾಧನೆನೇ ಏನ್ರಿ ಆಪಾ?"

"ಬಿದ್ದು ಕಲಿತ್ರ ಸಾಧನೆ" ಎಂದು ಸೂಜಿಯಿಂದ ಕಣ್ಣೆತ್ತಿದರು. "ನೀ ಏನ್ ಕಲಿತಿ?"

ಮನೆಗೆ ಬಂದು ಆಟದ ಕಂಪನಿಗೆ ಪತ್ರ ಬರೆಯಲು ಕೂತೆ. ಕಚೇರಿಯ ರೂಢಿಯಂತೆ ವಿಷಯ, ಉಲ್ಲೇಖ ಎಲ್ಲ ಹಾಕಿದೆ. ಆದ್ದರಿಂದ ತಾವು ದಯಮಾಡಿ ಎಂಬಲ್ಲಿಗೆ ಬಂದು ನಿಂತೆ. ದಯಮಾಡಿ ಏನು ಮಾಡಬೇಕು ಅವರು? ಹಳೆಯದನ್ನೇ ತರಬೇಕೇ, ಹೊಸದನ್ನು ತಿದ್ದಬೇಕೇ, ನನ್ನನ್ನು ಇಳಿಸಬೇಕೇ? ಕೊನೆಯದನ್ನು ಬರೆಯಲು ಕೈ ಬರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪತ್ರ ಅರ್ಧಕ್ಕೇ ಉಳಿಯಿತು. ಬದಲಿಗೆ ಅತ್ತೆಯ ಬಳಿ ಹೋಗಿ, ನೀವೂ ನೂರು ಸಲ ಗೋಡೆಯಿಂದ ಬಿದ್ದರೆ ಬೇಗ ಮೇಲೇರುತ್ತೀರಿ, ನಾನು ಕಲಿಸಿಕೊಡುತ್ತೇನೆ ಎಂದೆ.

ಅತ್ತೆ ಕೈಯಲ್ಲಿದ್ದ ಬೇಳೆಯ ಮೊರ ಕೆಳಗಿಟ್ಟರು. "ಅರವತ್ತೆಂಟು ವರ್ಷ ಬೀಳದಂಗ ನಡದೀನಿ. ಈಗ ಬೀಳಂತೀರಿ?"

ಎಂಟು ಸಂಜೆ ಪಡಸಾಲೆ ಖಾಲಿ ಇತ್ತು. ಅತ್ತೆ ಒಳಗೆ ಕೂತು ಹಸನಾದ ಬೇಳೆಯನ್ನೇ ಮತ್ತೆ ಹಸನು ಮಾಡುತ್ತಿದ್ದರು. ನನಗೆ ಆಟಕ್ಕಿಂತ ಆ ಬೈಗುಳ ಬೇಕೆನಿಸುತ್ತಿತ್ತು. ಒಂಬತ್ತನೆಯ ಸಂಜೆ ಆಪಾ ಮತ್ತು ನಾನು ಇಬ್ಬರೇ ಆಡುತ್ತ ಸೋಲುತ್ತಿದ್ದೆವು. ಸೋಲುವ ಸದ್ದು ಒಳಗೆ ಕೇಳಿರಬೇಕು. ಅತ್ತೆ ಮೊಬೈಲು ಹಿಡಿದು ಬಂದು ನನ್ನ ಮಗ್ಗುಲಿಗೆ ಕೂತರು.

"ಅಪ್ಪಣಿ ನೀನೇ ಕೊಡು. ಯಾವಾಗ ಕೊಡಬೇಕು ನಾ ಹೇಳ್ತೀನಿ" ಎಂದರು.

'ರಿ' ಹೋಗಿತ್ತು. ನಾನು ಬೆರಳನ್ನು ಗುಂಡಿಯ ಮೇಲಿಟ್ಟೆ. ಶತ್ರುಗಳು ಬಂದರು. "ತಡಿ" ಎಂದರು ಅತ್ತೆ. ಇನ್ನೂ ಹತ್ತಿರ ಬಂದರು. "ತಡೀಬೇ, ಏನ್ ಗಡಿಬಿಡಿ ನಿಂದು" ಎಂದು ಮೊಣಕೈಯಿಂದ ತಿವಿದರು. ಮೊದಲನೆಯವನ ಕಾಲು ಹೊಸ್ತಿಲ ಮೇಲೆ ಬಿದ್ದಾಗ "ಹೂಂ" ಎಂದರು. ಒತ್ತಿದೆ. ಬಾಗಿಲು ಮುಚ್ಚಿತು. ಹೊರಗೆ ಸಿಕ್ಕವರನ್ನು ಆಪಾ ಒಬ್ಬೊಬ್ಬರಂತೆ ಮುಗಿಸಿದರು. ಅಂದು ಐದು ಆಟ ಆಡಿದೆವು, ಐದೂ ಗೆದ್ದೆವು. ಬೀಳಲು ನನಗೆ ಪುರುಸೊತ್ತೇ ಇರಲಿಲ್ಲ.

ಐದನೆಯ ಆಟ ಮುಗಿದ ಕೂಡಲೇ ನನ್ನ ಪರದೆಯ ಮೇಲೆ ಮಾತ್ರ ಬಂಗಾರದ ಪದಕವೊಂದು ಗಿರಗಿರ ತಿರುಗಿತು. ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಿದ್ದವು. ಅವುಗಳ ಅರ್ಥವಿಷ್ಟು: ಯಾರ ನೆರವೂ ಇಲ್ಲದೆ, ಸ್ವಂತ ಬುದ್ಧಿಯಿಂದ ಐದು ಯುದ್ಧ ಗೆದ್ದ ಸೇನಾಪತಿ. ಲೆವೆಲ್ ಮೂವತ್ತು.

ಅತ್ತೆ ನನ್ನ ಮೊಬೈಲಿನ ಕಡೆ ಬಗ್ಗಿದರು. "ಏನ್ ಬರದದ ಅದು?"

"ಏನಿಲ್ರಿ ಅತ್ತಿ, ಆಟ ಮುಗೀತು ಅಂತ ಬಂದದ" ಎಂದೆ.

ಅವರ ಮನಸ್ಸಿಗೆ ನೋವಾಗದಿರಲೆಂದು ಹಾಗೆ ಹೇಳಿದೆನೋ, ಬೇರೆ ಕಾರಣಕ್ಕೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಆದರೆ ಅವರು ಆ ಕಡೆ ತಿರುಗಿದ ಕೂಡಲೇ ಆ ಪದಕದ ಚಿತ್ರ ತೆಗೆದಿಟ್ಟುಕೊಂಡೆ, ಮರುದಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟರಿಗೂ ತೋರಿಸಿದೆ.