ನಾನು ಕರೆಂಟ್ ಕೆಲಸ ಕಲಿತ ವರ್ಷ

ಕರೆಂಟ್ ಕೆಲಸದವರಿಗೆ ಶಾಕ್ ಕೊಡುವುದು ತಂತಿ ಅಂತ ಜನ ತಿಳಿದುಕೊಂಡಿದ್ದಾರೆ. ತಂತಿ ಎಷ್ಟೋ ವಾಸಿ. ಮೇನ್ ಆಫ್ ಮಾಡಿದರೆ ಸುಮ್ಮನಾಗುತ್ತೆ. ಮನುಷ್ಯರಿಗೆ ಮೇನ್ ಎಲ್ಲಿದೆ ಅಂತ ಗೊತ್ತಾಗದೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ, ಈಗಲೂ ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತೆ.

ಬಂಗಾರಪೇಟೆಯಲ್ಲಿ ಐಟಿಐ ಮುಗಿಸಿ ಕೆಜಿಎಫ್ ಆಚೆಗಿನ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದೆ. ನಮ್ಮೂರು ಬೇತಮಂಗಲದ ಹತ್ತಿರ. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ತೋಟದ ಕೂಲಿಗೆ. ಮನೆಯಲ್ಲಿ ಅಜ್ಜಿ, ಒಬ್ಬಳು ತಂಗಿ. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಹೆಣ್ಣು ಅಂತ ಇದ್ದದ್ದು ನಾನೊಬ್ಬಳೇ.

ಖಾಕಿ

ಮೊದಲ ದಿನ ನನಗೆ ಯೂನಿಫಾರ್ಮ್ ಕೊಟ್ಟರು. ಹೆಣ್ಣುಮಕ್ಕಳ ಅಳತೆಯದು ಅವರ ಹತ್ತಿರ ಇರಲಿಲ್ಲ. ಅಂಗಿಯೊಳಗೆ ನನ್ನ ಜೊತೆ ನನ್ನ ತಂಗಿಯೂ ಹಿಡಿಸುತ್ತಿದ್ದಳು. ಶೂಗಳ ಮೂತಿಗೆ ಹಳೇ ಬಟ್ಟೆ ತುರುಕಿಕೊಂಡೆ. ತಲೆಗೆ ಹೆಲ್ಮೆಟ್. ಅದನ್ನು ಅಮ್ಮನಿಗೆ ತೋರಿಸಬೇಕು ಅನ್ನೋ ಆಸೆಯಿಂದ ಬಸ್ಸಿಳಿದು ಹಾಗೇ ಹಾಕಿಕೊಂಡು ಊರೊಳಗೆ ಹೊರಟೆ.

ಸಂಜೆ ಹೊತ್ತು, ಬೀದಿ ತುಂಬಾ ಟಿವಿ ಸದ್ದು. ನಾನು ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಯಾರೋ "ಲೈನ್‌ಮ್ಯಾನ್ ಬತ್ತಾವ್ನೆ" ಅಂದರು. ನಮ್ಮ ಬೀದಿಯಲ್ಲಿ ಕಂಬದ ತಂತಿಗೆ ಕದ್ದು ಕೊಕ್ಕೆ ಹಾಕಿಕೊಂಡ ಮನೆಗಳು ಕೆಲವಿದ್ದವು. ಒಂದು ಮನೆಯ ಟಿವಿ ನಿಂತಿತು. ಮುಂದಿನ ಮನೆಯ ಬಲ್ಬು ಆರಿತು. ಹಿತ್ತಿಲಲ್ಲಿ ಬಿದಿರು ಕೋಲು ಓಡಾಡುವುದು ಕಾಣಿಸುತ್ತಿತ್ತು. ನಾನು ನಡೆದಷ್ಟೂ ಬೀದಿ ಕತ್ತಲಾಗುತ್ತಾ ಬಂತು. ಏನೋ ದೊಡ್ಡ ಫಾಲ್ಟ್ ಆಗಿದೆ ಅಂತ ನಾನೂ ಗಾಬರಿಯಾಗಿ ಬೇಗ ಬೇಗ ಹೆಜ್ಜೆ ಹಾಕಿದೆ. ಅದು ಇನ್ನೂ ತಪ್ಪಾಯಿತು.

ನಮ್ಮ ಮನೆ ಎದುರಿಗೆ ಬಂದು ಹೆಲ್ಮೆಟ್ ತೆಗೆದ ಮೇಲೆ ಪಕ್ಕದ ಮನೆ ಅಕ್ಕ ಹತ್ತಿರ ಬಂದು ಮುಖ ನೋಡಿದರು. ಅವರ ಧಾರಾವಾಹಿಯ ಒಳ್ಳೆ ಘಟ್ಟ ಕೈತಪ್ಪಿತ್ತು.

"ಜನ ಕರೆಂಟ್ ಕೊಡಕ್ಕೆ ಕಲೀತಾರೆ. ನೀನು ಮೊದಲ್ನೇ ದಿನಾನೇ ತೆಗಿಯೋದು ಕಲ್ತು ಬಂದಿದ್ದೀಯಲ್ಲೇ" ಅಂದರು.

ಮಾರನೇ ದಿನದಿಂದ ತಿರುವಿನಲ್ಲೇ "ನಾನೇ, ನಾನೇ" ಅಂತ ಕೂಗಿಕೊಂಡು ಬರೋದು ರೂಢಿಯಾಯಿತು.

ಪೌಡರ್

ನನಗೆ ಕೆಲಸ ಕಲಿಸಿದವರು ಒಬ್ಬ ವಯಸ್ಸಾದ ಮೇಸ್ತ್ರಿ. ಕೆಜಿಎಫ್‌ನ ಕೋರಮಂಡಲ್ ಬಡಾವಣೆಯವರು, ಅವರ ತಂದೆ ಚಿನ್ನದ ಗಣಿಯೊಳಗೆ ಇಳಿದವರು. ಮೇಸ್ತ್ರಿ ಕೆಲಸ ಹೇಳುವುದು ಕನ್ನಡದಲ್ಲಿ, ಲೆಕ್ಕ ಹಾಕುವುದು ತೆಲುಗಿನಲ್ಲಿ, ಬೈಯುವುದು ತಮಿಳಿನಲ್ಲಿ.

ಸೇರಿದ ಹೊಸದರಲ್ಲಿ ಒಂದು ಕೇಬಲ್ ಮೋಟರಿನ ತನಕ ಮುಟ್ಟಲಿಲ್ಲ, ಒಂದು ಮೊಳ ಕಡಿಮೆ ಬಿತ್ತು. ಸೀನಿಯರ್ ಹುಡುಗರು, ಸ್ಟೋರಿಗೆ ಹೋಗಿ ಕೇಬಲ್ ಉದ್ದ ಮಾಡೋ ಎಣ್ಣೆ ತಗೊಂಡು ಬಾ ಅಂದರು. ಐಟಿಐಯಲ್ಲಿ ಹೇಳಿಕೊಡದೇ ಇದ್ದದ್ದು ಬಹಳ ಇದೆ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಇದೂ ಒಂದಿರಬೇಕು ಅಂತ ಹೋದೆ. ಸ್ಟೋರಿನವರು ಒಂದಿಷ್ಟೂ ನಗದೆ, ಖಾಲಿಯಾಗಿದೆ, ವೆಲ್ಡಿಂಗ್‌ನವರನ್ನ ಕೇಳು ಅಂದರು. ವೆಲ್ಡಿಂಗ್‌ನವರು ಕ್ಯಾಂಟೀನಿಗೆ ಕಳಿಸಿದರು. ಕ್ಯಾಂಟೀನಿನ ಅಮ್ಮ ಮಾತ್ರ ನನ್ನನ್ನು ಕೂರಿಸಿ, ಟೀ ಕೊಟ್ಟು, "ಆ ಎಣ್ಣೆ ಕೇಳ್ಕೊಂಡು ವರ್ಷಾ ವರ್ಷಾ ಒಬ್ರು ಬತ್ತಾರೆ ಕಂದಾ" ಅಂದರು.

ಆಮೇಲೆ ನಾನು ಹುಷಾರಾದೆ. ಸ್ವಲ್ಪ ಜಾಸ್ತಿಯೇ ಹುಷಾರಾದೆ.

ಒಂದು ಬೆಳಿಗ್ಗೆ ಮೇಸ್ತ್ರಿ ಉದ್ದನೆಯ ಪೈಪಿನೊಳಗೆ ಕೇಬಲ್ ಎಳೆಯುತ್ತಿದ್ದರು. ಅದು ಮಧ್ಯದಲ್ಲಿ ಸಿಕ್ಕಿಕೊಂಡಿತು. ನನ್ನ ಕಡೆ ತಿರುಗಿ, ಸ್ಟೋರಿನಲ್ಲಿ ಮುಖಕ್ಕೆ ಹಚ್ಚೋ ಪೌಡರ್ ಇದೆ, ಒಂದು ಡಬ್ಬ ತಗೊಂಡು ಬಾಮ್ಮಾ ಅಂದರು. ಸುತ್ತ ಸೀನಿಯರ್ ಹುಡುಗರು ನಿಂತಿದ್ದರು. ನನಗೆ ಕಣ್ಣಲ್ಲಿ ನೀರೇ ಬಂತು. ಎಣ್ಣೆ ಆಯ್ತು, ಈಗ ಹೆಣ್ಣು ಅಂತ ಪೌಡರ್. ಮೇಸ್ತ್ರಿಯೂ ಇವರ ಜೊತೆ ಸೇರಿಕೊಂಡರಲ್ಲ ಅಂತ ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತುಬಿಟ್ಟೆ.

ತುಂಬಾ ಹೊತ್ತಾದರೂ ನಾನು ಬಾರದ್ದು ನೋಡಿ ಮೇಸ್ತ್ರಿಯೇ ಹುಡುಕಿಕೊಂಡು ಬಂದರು. ಯಾಕಮ್ಮಾ ಅಂದರು. ಹೇಳಿದೆ. ಅವರು ಸೀದಾ ಸ್ಟೋರಿಗೆ ಹೋಗಿ ಪೌಡರ್ ಡಬ್ಬ ತಂದರು. ಪೈಪಿನ ಬಾಯಿಗೆ ಒಂದಿಷ್ಟು ಸುರಿದು ಊದಿದರು, ಕೇಬಲಿಗೆ ಒಂದಿಷ್ಟು ಸವರಿದರು. ಕೇಬಲ್ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸರಸರ ಬಂತು. ಆಮೇಲೆ ಹುಡುಗರ ಕಡೆ ತಿರುಗಿದರು. ನನಗೆ ಅರ್ಥವಾಗದಿರಲಿ ಅಂತ ತಮಿಳಿನಲ್ಲಿ ಶುರು ಮಾಡಿದರು. ಕೆಜಿಎಫ್ ಬಸ್ಸಿನಲ್ಲೇ ಓಡಾಡಿ ಬೆಳೆದ ನನಗೆ ಒಂದು ಪದವೂ ತಪ್ಪಲಿಲ್ಲ. ಎಣ್ಣೆಯ ಮಾತು ಅವತ್ತಿಗೆ ನಿಂತುಹೋಯಿತು.

ಆ ಊದಿದ ಪೌಡರ್ ಅರ್ಧ ನನ್ನ ಮೇಲೆ ಕೂತಿತ್ತು. ಕೈ ಕಾಲು ತೊಳೆದೆ, ಮುಖ ನೋಡಿಕೊಳ್ಳಲಿಲ್ಲ. ಸಂಜೆ ಬಾಗಿಲಲ್ಲಿ ಕೂತಿದ್ದ ಅಜ್ಜಿ ಮೇಲಿಂದ ಕೆಳಗೆ ನೋಡಿ, ಘಮಘಮ ವಾಸನೆ ಹಿಡಿದು, "ಪ್ಯಾಕ್ಟ್ರಿಗೆ ಓಗ್ತೀಯೋ, ಯಾರ್ದಾರ ಮದ್ವೆಗೆ ಓಗ್ತೀಯೋ, ನಿಜ ಏಳು" ಅಂದಳು.

ಬಿಡು

ಕಾರ್ಖಾನೆಯಲ್ಲಿ ಗೋಡೆಗೆ ಕೂರಿಸಿದ ಒಂದು ದೊಡ್ಡ ಫ್ಯಾನು ತಿಂಗಳುಗಟ್ಟಲೆ ಕೆಟ್ಟು ನಿಂತಿತ್ತು. ಮೇಸ್ತ್ರಿ ಅದನ್ನು ರಿಪೇರಿ ಮಾಡಿದರು. ಏಣಿಯಿಂದ ಇಳಿದು, ಏಣಿ ಪಕ್ಕಕ್ಕಿಟ್ಟು, ತಾವು "ಬಿಡು" ಅಂದಾಗ ಕರೆಂಟ್ ಬಿಡಬೇಕು ಅಂತ ನನ್ನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ತಾವು ವೈರಿನ ತುಂಡುಗಳನ್ನು ಆರಿಸಿಕೊಳ್ಳುತ್ತಿದ್ದರು.

ಆಗ ಸ್ಟೋರಿನವರು ಬಂದು ಫ್ಯಾನಿನ ಕೆಳಗೇ ನಿಂತರು. ಅವತ್ತು ಅವರ ಹೊಸ ಬಿಳಿ ಅಂಗಿ, ಮಧ್ಯಾಹ್ನ ನೆಂಟರ ಮನೆಯ ನಾಮಕರಣಕ್ಕೆ ಹೋಗುವವರಿದ್ದರು. ಯಾರೋ ಕಟಿಂಗ್ ಪ್ಲೇಯರ್ ತಗೊಂಡು ವಾಪಸ್ ಕೊಟ್ಟಿಲ್ಲ ಅಂತ ಅವರ ದೂರು. ಅವರೂ ಮೇಸ್ತ್ರಿಯೂ ಹಳೇ ಸ್ನೇಹಿತರು. ಮೇಸ್ತ್ರಿ ಬಗ್ಗಿಕೊಂಡೇ ಸಮಾಧಾನ ಹೇಳಿದರು.

"ಓಗ್ಲಿ, ಬಿಡು."

ನಾನು ಬಿಟ್ಟೆ.

ಅಷ್ಟು ತಿಂಗಳ ಧೂಳು, ಜೇಡರ ಬಲೆ, ಒಂದು ಹಳೇ ಗುಬ್ಬಿ ಗೂಡು, ಎಲ್ಲಾ ಒಟ್ಟಿಗೆ ಇಳಿದವು. ಧೂಳು ಕರಗಿದ ಮೇಲೆ ನೋಡಿದರೆ ಸ್ಟೋರಿನವರು ಅಲ್ಲೇ ನಿಂತಿದ್ದರು, ಬಾಯಿ ಇನ್ನೂ ದೂರು ಹೇಳುವ ಆಕಾರದಲ್ಲೇ ಇತ್ತು. ತಲೆ ಮೇಲೆ ಗೂಡಿನ ಹುಲ್ಲು. ನಾನು ಸ್ವಿಚ್ ಆರಿಸಿದೆ. ಮೇಸ್ತ್ರಿ ಅವರನ್ನೂ ನೋಡಿದರು, ನನ್ನನ್ನೂ ನೋಡಿದರು. ನಂದೇ ತಪ್ಪು, ಇನ್ಮೇಲೆ "ಹಚ್ಚು" ಅಂತೀನಿ ಅಂದರು. ತಮ್ಮ ಪೆಟ್ಟಿಗೆಯಿಂದ ಮಡಿಸಿಟ್ಟ ಅಂಗಿ ತೆಗೆದು ಸ್ನೇಹಿತನಿಗೆ ಕೊಟ್ಟರು. ಅದೂ ಖಾಕಿಯೇ. ಸ್ಟೋರಿನವರು ನಾಮಕರಣಕ್ಕೆ ಅದರಲ್ಲೇ ಹೋದರು. ಅಲ್ಲಿ ಊಟಕ್ಕೆ ಕೂತ ಅವರನ್ನು ಎಬ್ಬಿಸಿ ಚಪ್ಪರದ ಸೀರಿಯಲ್ ಸೆಟ್ ದೀಪ ಸರಿಮಾಡಿಸಿಕೊಂಡರಂತೆ.

ಟಾರ್ಚ್

ಅಪ್ರೆಂಟಿಸ್ ಅವಧಿ ಮುಗಿಯೋಕೆ ಇನ್ನೂ ಸ್ವಲ್ಪ ಇತ್ತು, ಪರೀಕ್ಷೆಯೂ ಇತ್ತು. ಅಷ್ಟರಲ್ಲಿ ಸೋದರತ್ತೆ ಒಂದು ಗಂಡು ತಂದರು. ಬಂಗಾರಪೇಟೆ ಕಡೆಯವನು, ಕರೆಂಟ್ ಇಲಾಖೆ. ಒಳ್ಳೆ ಜೋಡಿ ಅಂತ ಎಲ್ಲರೂ ಅಂದರು.

ಒಂದು ಭಾನುವಾರ ಮಧ್ಯಾಹ್ನ ಹುಡುಗ, ಅವನ ತಂದೆ, ತಾಯಿ ಬಂದರು. ಅಮ್ಮ ನೆಂಟರಿಗೆ ಅಂತ ಪಕ್ಕದ ಮನೆಯಿಂದ ಟೇಬಲ್ ಫ್ಯಾನು, ಇನ್ನೊಂದು ಮನೆಯಿಂದ ಕರೆಂಟ್ ಒಲೆ ತಂದಿದ್ದಳು. ನಾನು ರೇಷ್ಮೆ ಸೀರೆ ಉಟ್ಟು ಚಾಪೆ ಮೇಲೆ ತಲೆ ಬಗ್ಗಿಸಿ ಕೂತಿದ್ದೆ. ಹುಡುಗನ ತಾಯಿ ಒಳ್ಳೆ ಮಾತಿನಲ್ಲೇ ಅಂದರು:

"ಉಡುಗಿ ಚೆನ್ನಾಗವ್ಳೆ. ಮದ್ವೆ ಆದ್ಮೇಲೆ ಈ ವೈರು ಗೀರು ಎಲ್ಲಾ ಯಾಕೆ? ಈಗ್ಲೇ ಬಿಡ್ಸಿಬಿಡಿ."

ಅಪ್ಪ ನೆಲ ನೋಡಿದರು. ನಾನು ಪರೀಕ್ಷೆಗೆ ಓದಿದ್ದೆಲ್ಲ ಕಣ್ಣ ಮುಂದೆ ಬಂತು. ಬಾಯಿ ತೆಗೆದು ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಅಮ್ಮ ಒಳಗೆ ಬೋಂಡಕ್ಕೆ ಅಂತ ಆ ಒಲೆ ಹಾಕಿದಳು. ಟಪ್ ಅಂತ ಕರೆಂಟ್ ಹೋಯಿತು.

ಎಲ್ಲರೂ ಹುಡುಗನ ಮುಖ ನೋಡಿದರು. ಕರೆಂಟ್ ಇಲಾಖೆಯಲ್ಲವೇ? ಹುಡುಗ ನಿಂತುಹೋದ ಫ್ಯಾನಿನ ರೆಕ್ಕೆ ನೋಡಿದ. ಕೊನೆಗೆ ಅವನ ತಂದೆಯೇ, "ಇವ್ನು ಬಿಲ್ಲು ಕೊಡೋನು. ಮೀಟ್ರು ನೋಡ್ತಾನೆ, ಮುಟ್ಟಲ್ಲ" ಅಂದರು.

ನಾನು ಎದ್ದೆ. ಕೂತ್ಕೋ ಅಂತ ಅಮ್ಮ ಅಡುಗೆಮನೆ ಬಾಗಿಲಿಂದ ಕಣ್ಣಲ್ಲೇ ಹೇಳಿದಳು, ನಾನು ಆ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿ, ಮೇನ್ ಆಫ್ ಮಾಡಿ, ಸ್ಟೂಲ್ ಹತ್ತಿದೆ. ಬಾಗಿಲ ಹಿಂದಿನ ಮೂಲೆ, ಏನೂ ಕಾಣಿಸದು. ಹುಡುಗ ಎದ್ದು ಬಂದು ಮೊಬೈಲ್ ಟಾರ್ಚ್ ಹಿಡಿದ. ಬೆಳಕು ನೇರ ನನ್ನ ಮುಖಕ್ಕೆ ಬಿತ್ತು.

"ಫ್ಯೂಸ್ ಈ ಕಡೆ ಇದೆ" ಅಂದೆ.

ಒಳಗೆ ಸೋದರತ್ತೆ ಕೆಮ್ಮಿದರು. ಹುಡುಗ ಕಿವಿತನಕ ಕೆಂಪಾಗಿ ಟಾರ್ಚ್ ತಿರುಗಿಸಿದ. ಆಮೇಲೆ ನಾನು ಹಳೇ ತಂತಿ ತೆಗೆದು ಹೊಸದು ಕಟ್ಟುವ ತನಕ ಅವನ ಕೈ ಅಲ್ಲಾಡಲಿಲ್ಲ. ನನ್ನ ಬೆರಳು ಎಲ್ಲಿಗೆ ಹೋದರೆ ಬೆಳಕು ಅಲ್ಲಿಗೆ ಬಂತು.

ಫ್ಯಾನು ತಿರುಗಿತು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಅವನ ತಾಯಿ ಸೆರಗು ಕೆಳಗೆ ಬಿಟ್ಟು, ತಮ್ಮ ಮನೆಯ ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತಲ್ಲ, ಯಾಕೆ ಅಂತ ಕೇಳಿದರು. ಅರ್ಥ್ ವೈರ್ ಬಿಟ್ಟಿರಬೇಕು, ಹಾಗೇ ಮುಟ್ಟಬೇಡಿ ಅಂದೆ. ಅವರು ಗ್ರೈಂಡರ್‌ನಿಂದ ಬೋರ್‌ವೆಲ್ ಮೋಟರಿಗೆ ಹೋದರು, ಮೋಟರಿನಿಂದ ತಂಗಿ ಮನೆಯ ಗೀಸರಿಗೆ. ಹೊರಡುವಾಗ ಅಪ್ಪನಿಗೆ, "ಕಲೀತಿರೋದ್ನ ಮಧ್ಯದಾಗೆ ಬಿಡ್ಸಬಾರ್ದು. ಪೂರ್ತಿ ಕಲ್ತೇ ಬರ್ಲಿ" ಅಂದರು.

ಅವರು ಹೋದ ಮೇಲೆ ಅಪ್ಪ ನನ್ನ ಅಭಿಪ್ರಾಯ ಕೇಳಿದರು. ಒಪ್ಪಿಗೆ ಅಂದೆ. ಅಮ್ಮನಿಗೆ ಆಶ್ಚರ್ಯ. ಹುಡುಗ ಒಂದು ಮಾತೂ ಆಡಲಿಲ್ಲ, ಏನು ನೋಡಿ ಒಪ್ಪಿದೆ ಅಂದಳು.

"ಹೇಳಿದ ಕಡೆ ಟಾರ್ಚ್ ಹಿಡೀತಾನೆ" ಅಂದೆ.

ಎಲ್ಲರೂ ನಕ್ಕರು, ಅಜ್ಜಿ ಮಾತ್ರ ನಗಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದಳು:

"ನಿಮ್ ತಾತ ಲಾಟೀನು ಇಡ್ಕಂಡ್ರೆ ತನ್ ಕಾಲಿಗೆ ಮಾತ್ರ ಬೆಳಕು. ಇಂದೆ ಬತ್ತಿದ್ದ ನಾನು ಎಡವ್ಕಂಡು ಎಡವ್ಕಂಡೇ ಸಂಸಾರ ಮುಗಿಸ್ದೆ. ಇವನ್ನ ಬುಡಬ್ಯಾಡ ಕಣೇ."