ಹಂಡೆ ಬಿಡದ ಮೀನು

ಉಜ್ವಲಾ: ನನ್ನ ಹಂಡೇದಾಗ ನಿಮ್ಮ ಮೀನ ಬಿಟ್ಟ ಇವತ್ತಿಗೆ ಐದ ದಿನಾ ಆತ್ರಿ. ಇನ್ನ ಮೂರ ದಿನಕ್ಕ ನಳಾ ಬರ್ತೈತಿ. ನೀರ ಎದರಾಗ ಹಿಡೀಲಿ, ನಿಮ್ಮ ಟೊಪ್ಪಿಗ್ಯಾಗ?

ರಾಜಕುಮಾರ ಸಿಲಿಕಾನ್ ಅಂಟಿನ ಟ್ಯೂಬು ಒತ್ತಿ ನೋಡುತ್ತಿದ್ದ. ಬನಹಟ್ಟಿಯಲ್ಲಿ ಹಗಲೆಲ್ಲ ನಾಲ್ಕು ಪವರ್‌ಲೂಮ್ ಓಡಿಸುವ ಈ ನೇಕಾರ, ಜಮಖಂಡಿಯ ಮುಚ್ಚಿದ ಖಾನಾವಳಿಯೊಂದರಿಂದ ಹಳೆಯ ಗಾಜಿನ ಮೀನಿನ ಟ್ಯಾಂಕು ತಂದಿದ್ದ. ಮೂಲೆಯಲ್ಲಿ ಸೋರುತ್ತಿತ್ತು. ಎರಡು ಸಲ ಸಿಲಿಕಾನ್ ಮೆತ್ತಿದ, ಎರಡು ಸಲವೂ ಸೋರಿತು. ಅವನ ಆರು ಕೆಂಪು ಮೀನುಗಳು ಹೆಂಡತಿಯ ದೊಡ್ಡ ಸ್ಟೀಲ್ ಹಂಡೆಯಲ್ಲಿ ಬಿಡಾರ ಹೂಡಿದ್ದವು.

ರಾಜಕುಮಾರ: ಇನ್ನೊಂದ ಸುತ್ತ ಮೆತ್ತಿದ್ರ ಮುಗೀತು.

ಉಜ್ವಲಾ: ಎಲ್ಲಿ ಮೆತ್ತತೀರಿ?

ರಾಜಕುಮಾರ: ಹಳೇದರ ಮ್ಯಾಲ.

ಉಜ್ವಲಾ: ಹಿಂದಿನ ಎರಡ ಸಲ ಎಲ್ಲಿ ಮೆತ್ತಿದ್ರಿ?

ರಾಜಕುಮಾರ: ಹಳೇದರ ಮ್ಯಾಲನ. ನೇಕಾರನ ಹೆಂಡತಿ ಆಗಿ ಇದನ್ನ ಕೇಳತೀಯಲ್ಲ. ಮಗ್ಗಕ್ಕ ಹೊಸಾ ಹಾಸಿನ ನೂಲು ಏರಸುವಾಗ ಹಳೇ ಎಳಿ ಕಿತ್ತ ಒಗೀತೇವೇನು? ಹಳೇದರ ತುದಿಗೇನ ಹೊಸಾದು ಕೂಡಸ್ತೇವಿ. ನಮ್ಮಪ್ಪನೂ ಹಂಗ ಮಾಡಿದಾ.

ಉಜ್ವಲಾ: ಮಾವನೋರು ಟ್ಯಾಂಕ ನೇಯ್ದಿದ್ರೇನ್ರಿ?

ಅವಳು ಟ್ಯಾಂಕಿನ ಮೂಲೆಗೆ ಉಗುರು ಹಾಕಿ ಎಳೆದಳು. ಮೊನ್ನೆ ಮೆತ್ತಿದ್ದೆಲ್ಲ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. ಅದನ್ನು ಗಂಡನ ಮೂಗಿನ ಮುಂದೆ ತೂಗಾಡಿಸಿದಳು.

ಉಜ್ವಲಾ: ಕೂಡಿಸಿದ ಎಳಿ ನೋಡ್ರಿ.

ರಾಜಕುಮಾರ: ನೀ ಎಳದಿ, ಬಂತು.

ಉಜ್ವಲಾ: ನೀರೇನ ಸುಮ್ನ ಇರ್ತೈತೇನ್ರಿ? ಸುಣ್ಣಾ ಉದುರೂ ಗೋಡಿಗೆ ಮತ್ತ ಸುಣ್ಣಾ ಬಳದ್ರ ನಿಲ್ಲತೈತೇನು? ಮೊದಲ ಕೆರೀಬೇಕು. ಈ ಸಲ ಸೋರಿದ್ರ ಟ್ಯಾಂಕ ಗುಜರಿಗೆ, ಮೀನ ಗುಡಿ ಬಾವಿಗೆ.

ರಾಜಕುಮಾರ ಎದ್ದು ಹಂಡೆಗೆ ಅಡ್ಡ ನಿಂತ.

ರಾಜಕುಮಾರ: ಬಾವಿ ಮಾತ ಬ್ಯಾಡ. ಮಗ್ಗಾ ಬಂದ್ ಆದ ಮ್ಯಾಲೂ ನನ್ನ ಕಿವ್ಯಾಗ ಖಟಖಟ ನಿಲ್ಲೂದಿಲ್ಲ. ಇವುನ್ನ ನೋಡ್ಕೋತ ಕುಂತ್ರ ನಿಲ್ಲತೈತಿ. ಒಂದರ ಸದ್ದ ಮಾಡತಾವೇನು?

ಉಜ್ವಲಾ: ಹಂಗಾರ ಬ್ಲೇಡ ತಗೋರಿ.

ತಗೊಂಡ. ನಾಲ್ಕೂ ಮೂಲೆ ಕೆರೆದು, ಒರೆಸಿ, ಒಣ ಗಾಜಿಗೆ ಹೊಸದಾಗಿ ಸಿಲಿಕಾನ್ ಎಳೆದ. ಎರಡು ದಿನ ಮುಟ್ಟದೆ ಒಣಗಲು ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ನಳ ಬಂದಾಗ ಉಜ್ವಲಾ ತಾನೇ ಕೊಡದ ಮೇಲೆ ಕೊಡ ತಂದು ಟ್ಯಾಂಕಿಗೆ ಸುರಿದಳು. ಅವಳಿಗೆ ಇಷ್ಟೊಂದು ಉಮೇದು ಎಲ್ಲಿಂದ ಬಂತೆಂದು ಅವನು ಯೋಚಿಸಲಿಲ್ಲ. ಸಂಜೆ ಮಗ್ಗ ನಿಲ್ಲಿಸಿ ಬಂದು ನೋಡಿದರೆ, ಟ್ಯಾಂಕಿನ ಕೆಳಗೆ ಹಾಸಿದ್ದ ಪೇಪರು ಹಪ್ಪಳದಂತೆ ಒಣಗಿಯೇ ಇತ್ತು.

ರಾಜಕುಮಾರ: ಒಂದ ಹನಿ ಸೋರಿಲ್ಲ ನೋಡ. ಜರಡಿ ತಾ, ಮೀನ ಬಿಡ್ತೇನಿ.

ಉಜ್ವಲಾ ಜರಡಿ ತರಲಿಲ್ಲ. ಹಿಟ್ಟು ನಾದುವ ದೊಡ್ಡ ತಟ್ಟೆ, ಪರಾತ, ತಂದು ಟ್ಯಾಂಕಿನ ಮೇಲೆ ಮುಚ್ಚಿ, ಅದರ ಮೇಲೊಂದು ಚರಿಗೆ ಇಟ್ಟಳು.

ರಾಜಕುಮಾರ: ಇದೇನಿದು?

ಉಜ್ವಲಾ: ಹಂಡೇದಾಗ ಹಿಡಿಯೂ ನೀರ ಇದರಾಗ ಹಿಡದೇನ್ರಿ. ಇನ್ನ ನಳಾ ಬರೂದು ಮುಂದಿನ ವಾರ. ಭಾಂಡೆ ತೊಳಿಯಾಕ, ಅರಬಿ ಒಗಿಯಾಕ ಇದ ನೀರು. ಎಷ್ಟ ಉಳದೈತಿ ಅಂತ ಹೊರಗ ನಿಂತ ನೋಡಿದ್ರೂ ಕಾಣತೈತಿ. ಹಂಡೇದಾಗ ಬಗ್ಗಿ ನೋಡಬೇಕಿತ್ತು.

ರಾಜಕುಮಾರ: ಮತ್ತ ನನ್ನ ಮೀನು?

ಉಜ್ವಲಾ: ಅವು ಹಂಡೇದಾಗ ಆರಾಮ ಅದಾವು. ನೀವಂದಿದ್ದ ಖರೇನ ಐತ್ರಿ, ಎಂಟ ದಿನದಾಗ ಒಂದೂ ಸದ್ದ ಮಾಡಿಲ್ಲ. ಮುಂದಿನ ನಳಾ ಬರೂತನಕ ನೀವೂ ಹಂಗ ಇರ್ರಿ.