ವಂದನಾರ್ಪಣೆ ನನ್ನದು

ಬೇರೆ ಊರುಗಳಲ್ಲಿ ವಂದನಾರ್ಪಣೆ ಮಾಡುವವನು ಎದ್ದು ನಿಂತರೆ ಜನ ಚಪ್ಪಲಿ ಹುಡುಕುತ್ತಾರೆ. ಅರಸೀಕೆರೆಯ ನಮ್ಮ ಕಲಾಭವನದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರೂ ಕಾರ್ಯಕ್ರಮಕ್ಕೆ ಏನಾದರೊಂದು ಕೊಟ್ಟಿರುತ್ತಾರೆ. ಒಬ್ಬರು ಜಮಖಾನ, ಇನ್ನೊಬ್ಬರು ಎಳನೀರು, ಏನೂ ಇಲ್ಲದವರು ಸಲಹೆ. ಹೀಗಾಗಿ ತಮ್ಮ ಹೆಸರು ಕೇಳುವವರೆಗೆ ಯಾರೂ ಏಳುವುದಿಲ್ಲ, ಕೇಳಿದ ಮೇಲೆ ಯಾರೂ ಕೂರುವುದಿಲ್ಲ. ಬರುವ ತಿಂಗಳು ಹಳೇಬೀಡಿನ ಮಕ್ಕಳ ಕೋಲಾಟವಿದೆ, ಬೇಲೂರಿನವರ ಚಿತ್ರಪ್ರದರ್ಶನವಿದೆ, ಗಂಡಸಿಯವರ ತತ್ವಪದವಿದೆ. ಕಲೆ ಯಾವುದೇ ಇರಲಿ, ಆಹ್ವಾನ ಪತ್ರಿಕೆಯ ತಳದಲ್ಲಿ ವಂದನಾರ್ಪಣೆ ಎಂದು ನನ್ನ ಹೆಸರಿರುತ್ತದೆ. ಮೇಷ್ಟರಾಗಿ ನಿವೃತ್ತನಾದವನಿಗೆ ಹಾಜರಿ ಕೂಗುವ ಚಟ ಬಿಡುವುದು ಕಷ್ಟ.

ಈ ಕೆಲಸ ಸುಲಭವೆಂದು ತಿಳಿಯಬೇಡಿ. ಚೀಟಿ ನೋಡಿ ವಂದಿಸುವುದು ನನ್ನ ಮರ್ಯಾದೆಗೆ ಕಡಿಮೆ. ಹಿಂದೊಮ್ಮೆ ತೋರಣಕ್ಕೆ ಮಾವಿನ ಸೊಪ್ಪು ಕೊಟ್ಟವರೊಬ್ಬರ ಹೆಸರು ಬಿಟ್ಟುಹೋಯಿತು. ಅವರು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸಿ ಬಸ್ಸಿನ ಬೋರ್ಡು ಓದತೊಡಗುತ್ತಾರೆ.

ಕಳೆದ ಕಾರ್ಯಕ್ರಮದಲ್ಲಿ ನನ್ನ ಹೆಂಡತಿ ಗಿರಿಜೆಯ ಹಾಡಿತ್ತು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಸಂಗೀತ ಕಲಿತವಳು. ಕುಕ್ಕರಿನ ಸೀಟಿಯ ಜೊತೆ ಜಗಳವಾಡುತ್ತಾ ಅಡುಗೆಮನೆಯಲ್ಲೇ ಹಾಡಿಕೊಂಡಿದ್ದಳು. ವೇದಿಕೆ ಹತ್ತುವುದು ಅದೇ ಮೊದಲು, ಹಾಡಬೇಕಾದದ್ದು ಎರಡು ಹಾಡು. ಆದರೆ ಪದ್ಧತಿಯಂತೆ ಮೊದಲು ಸಭೆ, ಆಮೇಲೆ ವಂದನಾರ್ಪಣೆ, ಕೊನೆಗೆ ಸಂಗೀತ. ಪತ್ರಿಕೆ ನೋಡಿ ಅವಳು ಕೇಳಿದಳು: "ನೀವು ಎಲ್ಲರ್ನೂ ವಂದಿಸಿ ಮನೆಗೆ ಕಳಿಸಿದ್ಮೇಲೆ ನಾನು ಯಾರಿಗೆ ಹಾಡ್ಲಿ, ಹೇಳ್ರೀ?"

ನನಗೆ ಸಂಕಟವಾಯಿತು. ಹಾಡಿನ ನಂತರವೇ ವಂದಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ. ನಮ್ಮ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿಗಳು. "ಮೇಷ್ಟ್ರೇ, ಪದ್ಧತಿ ಅಂತ ಒಂದೈತಲ್ಲ" ಎಂದು ಗೊಣಗಿದರು. "ಒಂದಿನ ಪದ್ಧತಿ ಹಾಡಿನ ಹಿಂದೆ ಬರ್ಲಿ ಬಿಡಿ ಸ್ವಾಮಿ" ಎಂದೆ.

ಆ ಸಂಜೆ ಸಭೆ ಮುಗಿಯಿತು, ಒಬ್ಬರೂ ಏಳಲಿಲ್ಲ. ಗಿರಿಜೆ ತಂಬೂರಿಯ ಮುಂದೆ ಕುಳಿತಳು. ಮಂಟಪಕ್ಕೆ ಬಾಳೆಕಂದು ತಂದುಕೊಟ್ಟಿದ್ದ ಜಾವಗಲ್ಲಿನ ಬಸಣ್ಣ ವೇದಿಕೆಯ ಪಕ್ಕದಲ್ಲಿದ್ದ ನನ್ನ ಬಳಿ ಮೆಲ್ಲಗೆ ಬಂದ.

"ಮೇಷ್ಟ್ರೇ, ಬಸ್ ಹೊಂಟೋಯ್ತದೆ. ನನ್ ಹೆಸ್ರೊಂದು ಹೇಳ್ಬಿಡಿ, ಹೋಯ್ತೀನಿ."

"ಹಾಡು ಮುಗೀಲಿ, ಕೂತ್ಕೊ ಬಸಣ್ಣ."

ಪಾಪ, ಕೂತ. ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ. ಆ ಚಪ್ಪಾಳೆಯಲ್ಲಿ ಸಂಗೀತದ ಪಾಲೆಷ್ಟು, ಬಸ್ಸಿನ ಪಾಲೆಷ್ಟು ಎಂದು ನಾನು ವಿಚಾರಿಸಲಿಲ್ಲ. ಎದ್ದು ನಿಂತು, ಒಂದು ಹೆಸರೂ ಬಿಡದೆ ಎಲ್ಲರನ್ನೂ ವಂದಿಸಿದೆ.

ಮನೆಗೆ ಬಂದ ಮೇಲೆ ಗಿರಿಜೆಯ ಮುಖ ನೋಡಬೇಕಿತ್ತು. ಅನ್ನ ಬಡಿಸುತ್ತಾ, "ಒಬ್ರೂ ಏಳ್ಲಿಲ್ಲ ಕಣ್ರೀ" ಎಂದು ಮತ್ತೆ ಮತ್ತೆ ಹೇಳಿದಳು. ನಿಜವಾಗಿಯೂ ನನಗೆ ತುಂಬ ಸಂತೋಷವಾಯಿತು. ಯಾರೂ ಏಳದ್ದಕ್ಕೆ ನಿಜ ಕಾರಣ ಹೇಳುವಷ್ಟು ಪೆದ್ದ ನಾನಲ್ಲ.

"ಎರಡ್ನೇ ಹಾಡು ಹೇಗಿತ್ತು?" ಎಂದು ಕೇಳಿದಳು.

"ಮೊದಲನೇದಕ್ಕಿಂತ ಚೆನ್ನಾಗಿತ್ತು" ಎಂದೆ, ಹಪ್ಪಳ ಮುರಿಯುತ್ತಾ.

ಸಾರಿನ ಸೌಟು ಅರ್ಧದಲ್ಲೇ ನಿಂತಿತು. "ಎರಡ್ನೇದು ನಾನು ಹಾಡ್ಲೇ ಇಲ್ವಲ್ರೀ. ಗಂಟಲು ಕಟ್ಟಿತು ಅಂತ ಒಂದಕ್ಕೇ ನಿಲ್ಲಿಸ್ದೆ."

ಜಾವಗಲ್ಲಿನ ಬಸಣ್ಣನನ್ನು ಕೇಳಿದ್ದರೂ ಸರಿಯಾದ ಉತ್ತರ ಕೊಡುತ್ತಿದ್ದ. ಅಷ್ಟು ದೊಡ್ಡ ಸಭೆಯಲ್ಲಿ ನನ್ನ ಹೆಂಡತಿಯ ಹಾಡು ಕೇಳದವನು ನಾನೊಬ್ಬನೇ. ಅವಳು ಹಾಡುವಷ್ಟು ಹೊತ್ತೂ ನಾನು ಶಾಮಿಯಾನದವರಿಂದ ಮೈಕಿನವರವರೆಗೆ ಹೆಸರುಗಳನ್ನು ಉರು ಹೊಡೆಯುತ್ತಾ ಕೂತಿದ್ದೆ.